ರಾಜಿಯಲ್ಲಿ ಬರೆಯದ ಹಾದಿ

ಜಗಳ ಮುಗಿಸುವ ಕಾಗದ ಬರೆಯುವುದೇ ನನ್ನ ವಕೀಲಿಕೆಯ ಬಹುಪಾಲು. ಕಚೇರಿ ಗದಗದಲ್ಲಿದೆ. ಆದರೆ ವಾರದ ಹೆಚ್ಚಿನ ದಿನ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕೋರ್ಟುಗಳ ನಡುವೆ ಸರಕಾರಿ ಬಸ್ಸಿನಲ್ಲೇ ಕಳೆಯುತ್ತದೆ. ಗಟ್ಟಿ ದನಿಯಲ್ಲಿ ವಾದ ಮಾಡುವ ಹುಮ್ಮಸ್ಸು ಮೊದಮೊದಲು ನನಗೂ ಇತ್ತು. ಈಗ ಎರಡೂ ಕಡೆಯವರನ್ನು ಒಂದೇ ಬೆಂಚಿನ ಮೇಲೆ ಕೂಡಿಸಿ, ಚಹಾ ತರಿಸಿ, ಸಿಟ್ಟು ಇಳಿಯುವ ತನಕ ಕಾಯುವುದು ರೂಢಿಯಾಗಿದೆ. ಇಳಿದ ಮೇಲೆ ಬರೆಯಲು ಕೂರುತ್ತೇನೆ.

ರಾಜಿಯಲ್ಲಿ ದೊಡ್ಡ ಮಾತನ್ನು ಯಾರೂ ಮರೆಯುವುದಿಲ್ಲ. ಹೊಲ ಯಾರಿಗೆ, ಮನೆ ಯಾರಿಗೆ ಎಂಬುದನ್ನು ಊರೇ ನೆನಪಿಟ್ಟಿರುತ್ತದೆ. ಜಗಳ ಮತ್ತೆ ಹುಟ್ಟುವುದು ಸಣ್ಣ ಮಾತುಗಳಲ್ಲಿ. ಮಾಳಿಗೆಯ ಮಳೆನೀರು ಯಾರ ಕಡೆ ಬೀಳಬೇಕು, ಬದುವಿನ ಮೇಲಿನ ಹುಣಸೆಹಣ್ಣು ಯಾರು ಬಡಿಯಬೇಕು ಎನ್ನುವಂಥವು. ಅದಕ್ಕೇ ಅಂಥವನ್ನು ಬಿಡಿಸಿ ಬಿಡಿಸಿ ಕೇಳಿ ಬರೆಯುತ್ತೇನೆ. ಹಾಗೆ ಬಿಡಿಸಿ ಕೇಳಿ ಬರೆದ ಒಂದು ರಾಜಿಯೇ ನನ್ನನ್ನು ಈ ಸಂಗತಿಗೆ ಎಳೆದುಕೊಂಡು ಹೋಯಿತು.

ಆ ಹೆಣ್ಣುಮಗಳು ಶಿರಹಟ್ಟಿಯ ಆಚೆ, ಕಪ್ಪತಗುಡ್ಡದ ಗಾಳಿಯಂತ್ರಗಳು ಕಣ್ಣಿಗೆ ಕಾಣುವಷ್ಟು ದೂರದ ಒಂದು ಹಳ್ಳಿಯವಳು. ನಲವತ್ತರ ಆಸುಪಾಸಿನ ವಯಸ್ಸು, ಮಕ್ಕಳಿರಲಿಲ್ಲ. ಮುಂಗಾರಿನ ಒಂದು ಸಂಜೆ ಮೋಡ ಕವಿಯುತ್ತಿದ್ದಂತೆ ಹೊಲದ ಕೆಲಸ ಬಿಟ್ಟು ಮನೆಗೆ ಹೊರಟ ಅವಳ ಗಂಡ ದಾರಿಯಲ್ಲೇ ಸಿಡಿಲು ಬಡಿದು ಸತ್ತಿದ್ದ. ಅವರ ಮನೆತನದಲ್ಲಿ ಹೂಳುವ ಪದ್ಧತಿ, ಅದೂ ಸ್ವಂತ ಹೊಲದಲ್ಲೇ. ಹೊಲದ ತುದಿಯಲ್ಲಿ ಹೂಳಿ ಸಣ್ಣದೊಂದು ಗದ್ದಿಗೆ ಕಟ್ಟಿದ್ದರು. ವರ್ಷ ತುಂಬುವುದರೊಳಗೆ ಮೈದುನ ಆ ಹೊಲವನ್ನು ಪಕ್ಕದ ಊರಿನ ಒಬ್ಬ ಹಿರಿಯರಿಗೆ ಮಾರಿಬಿಟ್ಟ. ಈಕೆಯನ್ನು ಒಂದು ಮಾತೂ ಕೇಳಿರಲಿಲ್ಲ. ಅವಳ ಪರವಾಗಿ ನಾನು ದಾವೆ ಹಾಕಿದೆ.

ದಾವೆ ಬಹಳ ದಿನ ನಡೆಯಲಿಲ್ಲ. ಹೊಲ ಕೊಂಡವರು ಸಾತ್ವಿಕರು. ಅಳುವ ಹೆಣ್ಣಿನ ಹೊಲ ಉಂಡರೆ ತಮಗೆ ದಕ್ಕುವುದಿಲ್ಲ ಎಂದು ಅವರೇ ಮೈದುನನನ್ನು ಕರೆದುಕೊಂಡು ಕೋರ್ಟಿಗೆ ಬಂದರು. ಊರೊಳಗಿನ ಮನೆ ಪೂರ್ತಿ ಅವಳಿಗೆ, ಊರ ಹತ್ತಿರದ ಕೆಂಪುಮಣ್ಣಿನ ಮಸಾರಿ ಹೊಲವೂ ಅವಳಿಗೆ, ಮಾರಿದ ಕಪ್ಪುಮಣ್ಣಿನ ಎರೆಹೊಲದ ಮೇಲಿನ ಹಕ್ಕು ಅವಳು ಬಿಡುವುದು ಎಂದು ಮಾತಾಯಿತು. ನಾನು ಬರೆಯುತ್ತ ಹೋದೆ. ಅಷ್ಟೂ ಹೊತ್ತು ಅವಳು ತಲೆ ಬಗ್ಗಿಸಿ ಕೂತಿದ್ದಳು. ಕಡೆಗೆ, ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ನನ್ನನ್ನು ಬಾಯಾರ ಎಂದು ಕರೆದು, ಒಂದೇ ಮಾತು ಕೇಳಿದಳು.

"ಬಾಯಾರ, ಅವರ ಹತ್ರ ಹೋಗಾಕ ನನಗೊಂದು ಹಾದಿ ಬರಕೊಡ್ರಿ."

ಗಂಡನ ಗದ್ದಿಗೆಗೆ ಹಾದಿ ಬಿಡಲು ಹೊಲ ಕೊಂಡವರು ತಕ್ಷಣ ಒಪ್ಪಿದರು. ಬೆಳೆ ತುಳಿಯದ ಹಾಗೆ ಬದುವಿನ ಮೇಲಿಂದ ಹೋಗಲಿ ಎಂದು ಅವರ ವಕೀಲರು ಸೂಚಿಸಿದರು. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಯಾವಾಗ ಯಾವಾಗ ಹೋಗುತ್ತೀರಿ, ಅಮವಾಸ್ಯೆಗೋ ಹಬ್ಬಕ್ಕೋ ಎಂದು ಕೇಳಿದೆ. ಮನಸ್ಸು ಬಂದಾಗ ಎಂದಳು. 'ಯಾವ ಹೊತ್ತಿನಲ್ಲಾದರೂ' ಎಂದು ಬರೆದೆ. ಬೇರೆ ಯಾರಾದರೂ ಬರುತ್ತಾರೋ ಎಂದು ಅವರ ವಕೀಲರು ಕೇಳಿದರು. ಅವಳಿಗೆ ಅಕ್ಕ ಇದ್ದಾಳೆ, ನಾಳೆ ಯಾರಾದರೂ ಜತೆಗೆ ಬರಬಹುದು. 'ವಾದಿ ಹಾಗೂ ವಾದಿಯ ಮನೆತನದವರು' ಎಂದು ಸೇರಿಸಿದೆ. ಲೋಕ ಅದಾಲತ್ತಿನಲ್ಲಿ ಎಲ್ಲರೂ ಸಹಿ ಮಾಡಿದರು. ಅವಳು ಮನೆಗೆ ಕೀಲಿ ಹಾಕಿ ಬೆಟಗೇರಿಯಲ್ಲಿದ್ದ ಅಕ್ಕನ ಮನೆಗೆ ಹೋದಳು. ಅಲ್ಲಿ ಸೀರೆಗೆ ಕುಚ್ಚು ಕಟ್ಟುವ ಕೆಲಸ ಹಿಡಿದಳೆಂದು ಕೇಳಿ ಸಮಾಧಾನಪಟ್ಟೆ.

ಮರುವರ್ಷ ದಸರಾ ಮುಗಿದ ಮೇಲೆ ಅವಳು ಮತ್ತೆ ನನ್ನ ಕಚೇರಿಗೆ ಬಂದಳು. ಹೊಲ ಕೊಂಡವರು ಸುತ್ತ ತಂತಿ ಬೇಲಿ ಹಾಕಿದ್ದಾರೆ, ಗೇಟಿಗೆ ಕೀಲಿ ಇದೆ, ಮಹಾನವಮಿಗೆ ಹೂ ಏರಿಸಲು ಹೋದವಳು ಬೇಲಿಯ ಹೊರಗೇ ನಿಂತು ಕೈ ಮುಗಿದು ಬಂದೆ ಎಂದು ಹೇಳಿದಳು. ರಾಜಿ ಮುರಿದವರ ಮೇಲೆ ಅದನ್ನು ಜಾರಿ ಮಾಡಿಸಲು ಹಾಕುವ ಅರ್ಜಿಗೆ ನಮ್ಮ ಕಡೆ ದರಖಾಸ್ತು ಎನ್ನುತ್ತೇವೆ. ಅದನ್ನು ಹಾಕಿದೆ. ನೋಟೀಸು ಮುಟ್ಟಿದ ಮೇಲೆ ಹೊಲ ಕೊಂಡವರು ಕೋರ್ಟಿಗೆ ಬಂದರು. ಮುಖ ಇಳಿದುಹೋಗಿತ್ತು. ಬೇಲಿ ಹಾಕಿದ್ದು ಹೌದೇ ಎಂದು ಜಡ್ಜ್ ಸಾಹೇಬರು ಕೇಳಿದರು. ಹೌದೆಂದರು. ಯಾಕೆ ಎಂದು ಕೇಳಿದಾಗ ತಮ್ಮ ವಕೀಲರ ಮುಖ ನೋಡಿದರು. ಸಾಹೇಬರು ಒಬ್ಬ ಕಿರಿಯ ವಕೀಲರನ್ನು ಕಮಿಷನರ್ ಎಂದು ನೇಮಿಸಿ, ಸ್ಥಳ ನೋಡಿ ಹಾದಿಯ ಸ್ಥಿತಿ ವರದಿ ಮಾಡಿ ಎಂದು ಆದೇಶಿಸಿದರು.

ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಹೊಲ ಕೊಂಡವರು ನನ್ನ ಹತ್ತಿರ ಬಂದರು. ಎದುರು ಕಡೆಯ ವಕೀಲಳ ಜತೆ ಹೀಗೆ ಮಾತಾಡುವುದು ಸರಿಯಲ್ಲ, ನಿಮ್ಮ ವಕೀಲರಿಗೆ ಹೇಳಿ ಎಂದೆ. ಅವರಿಗೂ ಹೇಳಿದ್ದಾಗಿದೆ, ಅವರು ನಕ್ಕರು ಎಂದರು. ಆಮೇಲೆ ನನ್ನ ಉತ್ತರಕ್ಕೂ ಕಾಯದೆ ಹೇಳತೊಡಗಿದರು.

ಮೊದಲ ವರ್ಷ ಅವರು ಬಿಳಿಜೋಳ ಬಿತ್ತಿದ್ದರು. ಒಂದು ಸಾಲು ಹುಟ್ಟಲೇ ಇಲ್ಲ. ಗದ್ದಿಗೆಯ ಬುಡದಿಂದ ಊರ ಕಡೆಗೆ, ಹೊಲದ ನಡುವೆ ಅಡ್ಡಡ್ಡಲಾಗಿ. ಬೀಜ ಸರಿಯಿರಲಿಕ್ಕಿಲ್ಲ ಎಂದುಕೊಂಡು ಮತ್ತೆ ಊರಿದರು. ಮೊಳಕೆ ಬಂತು, ನಾಲ್ಕು ದಿನಕ್ಕೆ ತುಳಿದ ಹಾಗೆ ಮಲಗಿತು. ಹಂದಿ ಇರಬೇಕೆಂದು ಜಾಲಿಮುಳ್ಳು ಹಾಕಿದರು. ಮುಳ್ಳಿನ ಕೊಂಬೆಗಳನ್ನು ಯಾರೋ ಎತ್ತಿ ಒಂದು ಕಡೆ ಒಟ್ಟಿಟ್ಟಿದ್ದರು. ಆಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವರೂ ಅವರ ಹೆಂಡತಿಯೂ ಚಕ್ಕಡಿ ಹೂಡಲು ನಿಂತಿದ್ದಾಗ ಅದನ್ನು ನೋಡಿದರಂತೆ.

"ಜ್ವಾಳ ಎದಿಮಟ ಇತ್ರಿ," ಅಂದರು. "ಗಾಳಿ ಅಂಬೂದು ಒಂದೀಟೂ ಇಲ್ಲ, ಗುಡ್ಡದ ಮ್ಯಾಲಿನ ಪಂಖಾ ಸೈತ ನಿಂತಿದ್ವು. ಎರಡೂ ಕಡಿ ದಂಟು ಅಷ್ಟ ಸರಕೋಂತ ಬಂದ್ವು. ನಡುವ ಯಾರೂ ಇಲ್ಲ. ನಮ್ಮ ಮುಂದ ಹಾಯ್ದು, ಬದು ದಾಟಿ, ಹಳ್ಳದ ಕಡೆ ಹೋತು."

ಅವತ್ತಿನಿಂದ ಅವರ ಹೆಂಡತಿ ಆ ಹೊಲಕ್ಕೆ ಕಾಲಿಟ್ಟಿಲ್ಲ. ಕಳೆ ತೆಗೆಯುವ ಹೆಣ್ಣಾಳುಗಳೂ ಮಧ್ಯಾಹ್ನವಾಗುತ್ತಲೇ ಮನೆಗೆ ಹೊರಡುತ್ತಾರೆ. ಬೇಲಿ ಹಾಕಿದ್ದು ಅದಕ್ಕೆ, ಆ ಹೆಣ್ಣುಮಗಳ ಮೇಲೆ ಹಟದಿಂದಲ್ಲ ಎಂದರು. ಹೋಗುವಾಗ ಅರ್ಧ ತಮಗೇ ಹೇಳಿಕೊಂಡ ಹಾಗೆ, "ಮನೆತನದವರು ಅಂತ ನೀವ ಬರದೀರಿ. ಅಂವಾ ಮನೆತನದಾಂವ ಹೌದಲ್ರಿ," ಎಂದರು.

ನನಗೆ ಇಂಥದರಲ್ಲಿ ನಂಬಿಕೆ ಇರಲಿಲ್ಲ. ಕೊಟ್ಟ ಮಾತಿನಿಂದ ನುಣುಚಿಕೊಳ್ಳಲು ಜನ ಕಟ್ಟುವ ಕತೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ಆದರೂ ಆ ದಿನ ಬಸ್ಸಿನಲ್ಲಿ ಗದಗಿಗೆ ಮರಳುವಾಗ ದಾರಿಯುದ್ದಕ್ಕೂ ಕಿಟಕಿಯ ಹೊರಗಿನ ಹೊಲಗಳನ್ನೇ ನೋಡುತ್ತ ಕೂತಿದ್ದೆ.

ಸ್ಥಳ ಪರಿಶೀಲನೆಗೆ ಹೋದದ್ದು ಹಗಲು ಹೊತ್ತಿನಲ್ಲೇ, ನೆತ್ತಿಯ ಮೇಲೆ ಸೂರ್ಯ ಇರುವಾಗ. ಕಮಿಷನರ್, ನಾನು, ನನ್ನ ಪಕ್ಷಗಾರ ಹೆಣ್ಣುಮಗಳು, ಹೊಲ ಕೊಂಡ ಹಿರಿಯರು, ಇಷ್ಟೇ ಜನ. ಈ ವರ್ಷ ಕಡಲೆ ಬಿತ್ತಿದ್ದರು. ಗೇಣುದ್ದ ಎದ್ದು ಹೊಲ ಹಸಿರಾಗಿತ್ತು. ಹಿರಿಯರು ಗೇಟಿನ ಕೀಲಿ ತೆಗೆದರು.

ಮೊದಲು ರಾಜಿಯಲ್ಲಿ ಬರೆದ ಹಾದಿ ನೋಡಿದೆವು. ಬದುವಿನ ಮೇಲೆ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಬೇಲಿ ಹಾಕುವ ಮುಂಚೆಯೂ ಅಲ್ಲಿ ಯಾರೂ ಹೆಚ್ಚು ನಡೆದಂತಿರಲಿಲ್ಲ. ಬೆಟಗೇರಿಯಿಂದ ಬರುವುದಾಗುತ್ತಿರಲಿಲ್ಲ, ವರ್ಷದಲ್ಲಿ ಎರಡು ಸಲ ಬಂದಿರಬಹುದು ಎಂದು ಅವಳೇ ಕಮಿಷನರ್‌ಗೆ ಹೇಳಿದಳು. ಆಮೇಲೆ ಹಿರಿಯರು ಕೈ ಮಾಡಿ ತೋರಿಸಿದ ಕಡೆ ನೋಡಿದೆವು.

ಹೊಲದ ನಡುವೆ ಹಾದಿ ಬಿದ್ದಿತ್ತು. ಎರೆಮಣ್ಣಿನಲ್ಲಿ ನಡೆದ ಕಡೆ ನೆಲ ಕಬ್ಬಿಣದ ಹಾಗೆ ಗಟ್ಟಿಯಾಗಿ ಹೊಳೆಯುತ್ತದೆ; ಇದೂ ಹಾಗೇ ಹೊಳೆಯುತ್ತಿತ್ತು. ಒಬ್ಬರು ನಡೆಯುವಷ್ಟೇ ಅಗಲ. ಗದ್ದಿಗೆಯಿಂದ ಹೊರಟು ಒಂದು ಕಡೆ ಸ್ವಲ್ಪ ಬಳಸಿ ಮತ್ತೆ ನೇರವಾಗಿ ಊರ ಕಡೆ ಹೋಗಿತ್ತು. ಯಾಕೆ ಬಳಸಿದೆ ಎಂದು ಕಮಿಷನರ್ ಕೇಳಿದರು. ಅಲ್ಲಿ ಬಳಸುವಂಥದು ಏನೂ ಇರಲಿಲ್ಲ. ಅವಳು ಮೆಲ್ಲಗೆ, ಅಲ್ಲಿ ಮೊದಲು ಒಂದು ಬೋರೆಹಣ್ಣಿನ ಬಾರಿಗಿಡ ಇತ್ತು, ಸಿಡಿಲು ಬಿದ್ದ ದಿನ ಅದೂ ಸುಟ್ಟುಹೋಯಿತು ಎಂದಳು. ಗಿಡವಿದ್ದ ಗುರುತೂ ಈಗ ಅಲ್ಲಿರಲಿಲ್ಲ, ಹಿರಿಯರಿಗೂ ಅದು ಗೊತ್ತಿರಲಿಲ್ಲ.

"ಅವರು ಬದುವಿನ ಮ್ಯಾಲ ಎಂದೂ ಬಂದವರಲ್ರಿ," ಎಂದಳು. "ಹೊಲದಾಗ ಅಡ್ಡ ಹಾಯ್ದ ಬರ್ತಿದ್ರು. ಮನಿ ಜಲ್ದಿ ಮುಟ್ತೈತಿ ಅಂತಿದ್ರು."

ಕಮಿಷನರ್ ಹುಡುಗು ಮುಖದ ಮನುಷ್ಯ, ಪ್ಯಾಂಟಿಗೆ ಮಣ್ಣು ತಾಗದ ಹಾಗೆ ಮಡಚಿಕೊಂಡು ಬಂದಿದ್ದರು. ಅವರು ಟೇಪು ಹಿಡಿದು ಆ ಹಾದಿಗುಂಟ ಹೊರಟವರು ಬೇಲಿಯ ಹತ್ತಿರ ನಿಂತುಬಿಟ್ಟರು. ನಾವೂ ಹೋದೆವು. ಹಾದಿ ಬೇಲಿಗೆ ಬಂದು ಮುಟ್ಟಿದಲ್ಲಿ, ಒಳಗಿನ ಕಡೆ, ಒಂದು ಚಾಪೆಯಷ್ಟು ಜಾಗದಲ್ಲಿ ಒಂದು ಕಡಲೆಗಿಡವೂ ಇರಲಿಲ್ಲ. ನೆಲ ತುಳಿದು ತುಳಿದು ತಗ್ಗಾಗಿತ್ತು. ಮುಚ್ಚಿದ ಬಾಗಿಲಿನ ಮುಂದೆ ಎತ್ತು ನಿಂತು ಕಾಲು ಬದಲಿಸಿದರೆ ಆಗುವ ಹಾಗೆ. ತಂತಿಯ ನಡುವಿನ ಎಳೆ ಸ್ವಲ್ಪ ಕೆಳಗೆ ಬಾಗಿತ್ತು, ಮೊಣಕೈ ಊರಿ ನಿಂತರೆ ಬಾಗುವಷ್ಟು. ಬೇಲಿಯ ಆಚೆ, ಹಳ್ಳದ ದಂಡೆಯ ಮೇಲೆ, ಹುಲ್ಲು ನೆಟ್ಟಗೆ ನಿಂತಿತ್ತು. ಆ ಕಡೆ ಯಾರೂ ದಾಟಿರಲಿಲ್ಲ.

ಅವಳು ಅಲ್ಲೇ ಕುಕ್ಕರಿಸಿದಳು. ಅಂಗೈಯನ್ನು ಆ ತಗ್ಗಿನ ಮೇಲೆ ಇಟ್ಟು ಬಹಳ ಹೊತ್ತು ಕೂತಳು. ಅಳಲಿಲ್ಲ. ಹೆದರಿದ ಹಾಗೂ ಕಾಣಲಿಲ್ಲ.

"ದಿನಾ ಇಲ್ಲೇ ನಿಂತಾರ್ರಿ," ಎಂದಳು. "ನಾನರ ಕೀಲಿ ಹಾಕ್ಕೊಂಡು ಬೆಟಗೇರ್‍ಯಾಗ ಕುಂತೇನಿ."

ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು, ಇಷ್ಟು ದೂರಕ್ಕೆ ಸದ್ದಿಲ್ಲ. ನನ್ನ ಕುತ್ತಿಗೆಯ ಹಿಂದೆ ಬಿಸಿಲು ಚುರುಗುಟ್ಟುತ್ತಿತ್ತು. ಹಿರಿಯರು ಗೇಟಿನ ಹತ್ತಿರ ನಿಲ್ಲಿಸಿದ್ದ ತಮ್ಮ ಚಕ್ಕಡಿಯ ಕಡೆ ಹೋದರು. ಇಕ್ಕಳ ತಂದರು. ಕೋರ್ಟಿನ ಆದೇಶ ಬರುವವರೆಗೆ ಏನೂ ಮುಟ್ಟಬೇಡಿ ಎಂದು ಕಮಿಷನರ್ ಹೇಳಲು ಬಾಯಿ ತೆರೆದರು, ಆಮೇಲೆ ಟೇಪು ಸುತ್ತತೊಡಗಿದರು. ಹಿರಿಯರು ತಂತಿಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಎರಡೂ ಕಂಬಗಳಿಗೆ ಸುತ್ತಿದರು. ಕೆಲಸ ಮುಗಿಸಿ, ಚಪ್ಪಲಿ ಬಿಟ್ಟು, ತಗ್ಗಿನ ಕಡೆ ಮುಖ ಮಾಡಿ ಕೈ ಮುಗಿದರು. "ತಪ್ಪ ಆತಪ್ಪಾ," ಎಂದರು. ಆಮೇಲೆ ಅವಳ ಕಡೆ ತಿರುಗಿ, "ಮನಿ ಕೀಲಿ ತಗಿ ತಂಗಿ," ಎಂದರು.

ವರದಿ ಬರೆಯುವುದು ಕಮಿಷನರ್ ಕೆಲಸ. ಆದರೂ ಸಂಜೆ ಅವರು ನನಗೂ ಹಿರಿಯರ ವಕೀಲರಿಗೂ ಫೋನು ಮಾಡಿದರು. ರಾಜಿಯ ಹಾದಿ ಬಳಕೆಯಲ್ಲಿಲ್ಲ ಎಂದು ಬರೆಯಬಹುದು, ಅದು ಕಣ್ಣಿಗೆ ಕಂಡದ್ದು. ಇನ್ನೊಂದು ಹಾದಿಯನ್ನು ಯಾರು ಬಳಸುತ್ತಾರೆ ಎಂದು ಬರೆಯುವುದು? ಕಂಡಷ್ಟು ಬರೆಯಿರಿ ಎಂದು ಇಬ್ಬರೂ ಹೇಳಿದೆವು. ಅವರು 'ಹೊಲದ ಮಧ್ಯದಲ್ಲಿ ಒಂದು ಕಾಲುಹಾದಿ ಇದ್ದು, ಅದು ದಿನನಿತ್ಯ ಬಳಕೆಯಲ್ಲಿರುವಂತೆ ಕಂಡುಬರುತ್ತದೆ' ಎಂದು ಬರೆದು ಮುಗಿಸಿದರು.

ದರಖಾಸ್ತಿನಲ್ಲೇ ಇನ್ನೊಂದು ರಾಜಿ ಮಾಡಿಕೊಂಡೆವು. ಬದುವಿನ ಮೇಲಿನ ಹಾದಿಗೆ ಬದಲಾಗಿ ಈಗಾಗಲೇ ಬಿದ್ದಿರುವ ಹಾದಿ, ಅದನ್ನು ಉಳಬಾರದು, ಬಿತ್ತಬಾರದು, ಬೇಲಿ ಕಟ್ಟಬಾರದು. ಹಾದಿಯ ಎಲ್ಲೆ ಹೇಳುವ ಚಕ್ಕುಬಂದಿ ಬರೆಯುವಾಗ ಆ ಸಣ್ಣ ಬಳಸನ್ನು ಹೇಗೆ ಹೇಳುವುದೆಂದು ತಿಳಿಯದೆ 'ಹಿಂದೆ ಬಾರಿಗಿಡವಿದ್ದ ಸ್ಥಳದ ಎಡಕ್ಕೆ ಹಾಯ್ದು' ಎಂದು ಬರೆದೆ. ಯಾರ ಬಳಕೆಗೆ ಎಂಬಲ್ಲಿ ಹಳೆಯ ಮಾತನ್ನೇ ಇಟ್ಟೆ. ನನ್ನ ಎದುರು ವಕೀಲರು ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಈ ಸಲ ನಗಲಿಲ್ಲ. ಬೆರಳು ತೆಗೆದು ಸಹಿ ಹಾಕಿದರು.

ಸಾಹೇಬರು ಎರಡೂ ಕಡೆಯವರನ್ನು ಕಟಕಟೆಯ ಹತ್ತಿರ ಕರೆದು ರಾಜಿ ಓದಿ ಹೇಳಿದರು. ಇದು ಪದ್ಧತಿ, ಒತ್ತಾಯದಿಂದ ಸಹಿ ಮಾಡಿಲ್ಲ ತಾನೇ ಎಂದು ಅವರೇ ಬಾಯಿಬಿಟ್ಟು ಕೇಳಬೇಕು. ಬದುವಿನ ಮೇಲೆ ಸುಲಭದ ಹಾದಿ ಇರುವಾಗ ಒಳ್ಳೆಯ ಬೆಳೆ ಬರುವ ಹೊಲವನ್ನು ನಡುವೆ ಸೀಳುವುದು ಯಾಕೆ ಎಂದು ಹಿರಿಯರನ್ನು ಕೇಳಿದರು. ಅವರು ಅವಳ ಕಡೆ ನೋಡಿದರು, ಅವಳು ನೆಲ ನೋಡಿದಳು.

"ಅದ ಬಳಕಿ ಐತ್ರಿ ಸಾಹೇಬ್ರ," ಎಂದರು ಹಿರಿಯರು.

ಸಾಹೇಬರು ಇನ್ನೊಮ್ಮೆ ವರದಿ ತಿರುವಿ ನೋಡಿದರು. ತಲೆ ಎತ್ತಿ ಒಮ್ಮೆ ಹಿರಿಯರನ್ನು ನೋಡಿ, ರಾಜಿ ದಾಖಲು ಮಾಡಿಕೊಂಡರು.

ಆ ವಾರವೇ ಅವಳು ಬೆಟಗೇರಿ ಬಿಟ್ಟು ಊರಿಗೆ ಹೋದಳು. ಅಕ್ಕ ಬೇಡವೆಂದು ಅತ್ತಳಂತೆ. ಮೊದಲ ದಿನಗಳಲ್ಲಿ ನನಗೂ ಅವಳ ಚಿಂತೆ ಇತ್ತು. ಒಂದು ದಿನ ಫೋನು ಮಾಡಿ ಹೇಗಿದ್ದೀರಿ ಎಂದು ಕೇಳಿದೆ. ಮನೆಗೆ ಸುಣ್ಣ ಹಚ್ಚಿಸಿದ್ದೇನೆ, ಕುಚ್ಚಿನ ಕೆಲಸ ಅಕ್ಕ ಬಸ್ಸಿನಲ್ಲಿ ಕಳಿಸುತ್ತಾಳೆ, ಮಸಾರಿ ಹೊಲದಲ್ಲಿ ಶೇಂಗಾ ಚೆನ್ನಾಗಿ ಬಂತು ಎಂದಳು. ನಾನು ಕೇಳಬೇಕಾದ್ದನ್ನು ಕೇಳದೆ ತಡೆತಡೆದು ಮಾತಾಡುತ್ತಿದ್ದೆ. ಅದು ಅವಳಿಗೇ ಗೊತ್ತಾಯಿತು.

"ಏನೂ ಕೇಳ್ಸೂದಿಲ್ರಿ ಬಾಯಾರ, ಏನೂ ಕಾಣೂದಿಲ್ಲ," ಎಂದಳು. "ಹೊತ್ತ ಮುಣುಗಿದ ಮ್ಯಾಲ ಹಿತ್ತಲ ಕಟ್ಟಿ ಮ್ಯಾಗ ಒಂದೀಟು ಎರಿಮಣ್ಣ ಬಿದ್ದಿರತೈತಿ. ಕಸಬರಿಗಿ ತಗೊಂಡು ಬಳೀತೀನಿ."

ಅವರ ಊರು ಪೂರ್ತಿ ಕೆಂಪು ಮಸಾರಿ ನೆಲದ ಮೇಲಿದೆ. ಎರೆ ಇರುವುದು ಹಳ್ಳದ ಆಚೆ. ಫೋನು ಇಟ್ಟ ಮೇಲೆ ನಾನು ಸ್ವಲ್ಪ ಹೊತ್ತು ಕಚೇರಿಯ ಬಾಗಿಲಿನಲ್ಲಿ ನಿಂತೆ. ಕೆಳಗೆ ರಸ್ತೆಯಲ್ಲಿ ಜನ, ತಳ್ಳುಗಾಡಿ, ಬಸ್ಸಿನ ಹಾರ್ನು. ಅವು ಬೇಕಾಗಿದ್ದವು.

ಮರುವರ್ಷ ಎಳ್ಳು ಅಮವಾಸ್ಯೆಗೆ ಅವಳು ಕರೆದಳು. ನಮ್ಮ ಕಡೆ ಆ ದಿನ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಅಡುಗೆಯ ಒಂದು ಪಾಲನ್ನು ಚರಗ ಎಂದು ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ಹೊಲ ಕೊಂಡ ಹಿರಿಯರೂ ಬರಲೇಬೇಕೆಂದು ಹೇಳಿ ಕಳಿಸಿದ್ದರು. ಪಕ್ಷಗಾರರ ಮನೆಯ ಊಟಕ್ಕೆ ನಾನು ಸಾಮಾನ್ಯವಾಗಿ ಹೋಗುವುದಿಲ್ಲ. ಇದಕ್ಕೆ ಹೋದೆ. ಹೊಲದಲ್ಲಿ ಆ ವರ್ಷ ಮತ್ತೆ ಬಿಳಿಜೋಳ, ತಲೆಯ ಮಟ್ಟಕ್ಕೆ ಬೆಳೆದು ನಿಂತಿತ್ತು. ಗದ್ದಿಗೆಯ ಪಕ್ಕದಲ್ಲಿ ಕೂತು ಎಲ್ಲರೂ ಉಂಡೆವು: ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಎರಡು ವರ್ಷ ಹೊಲಕ್ಕೆ ಬರದಿದ್ದ ಹಿರಿಯರ ಹೆಂಡತಿ ಅವತ್ತು ತಾವೇ ಬಡಿಸಿದರು. ಒಂದು ಎಲೆ ಹೆಚ್ಚಿಗೆ ಹಾಕಿದ್ದರು, ಅದಕ್ಕೂ ಎಲ್ಲವನ್ನೂ ಬಡಿಸಿದರು. ಆ ಎಲೆಯ ಮುಂದೆ ಯಾರೂ ಕೂರಲಿಲ್ಲ.

ಊಟವಾದ ಮೇಲೆ ಮಾತಿನಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಸೂರ್ಯ ಗುಡ್ಡಕ್ಕೆ ಇಳಿದಾಗ ಹಿರಿಯರು ಚಕ್ಕಡಿ ಹೂಡಿಕೊಂಡು ಬಳಸಿ ಊರಿಗೆ ಬರುತ್ತೇನೆ ಎಂದು ಎತ್ತು ಬಿಚ್ಚಲು ಹೋದರು. ನಾವು ಮೂವರು ಹೆಂಗಸರು ಊರ ಕಡೆ ಹೊರಟೆವು. ಅವಳು ಖಾಲಿ ಬುಟ್ಟಿ ಹೊತ್ತು ಮುಂದೆ, ನಡುವೆ ನಾನು, ಹಿಂದೆ ಹಿರಿಯರ ಹೆಂಡತಿ. ಎರಡೂ ಕಡೆ ಜೋಳ ಗೋಡೆಯ ಹಾಗೆ ನಿಂತಿತ್ತು. ಎಲೆಗಳು ತೋಳಿಗೆ ತಾಗಿ ತುರಿಸುತ್ತಿದ್ದವು. ಇಬ್ಬರೂ ಯಾವುದೋ ಮದುವೆಯ ಮಾತಾಡುತ್ತ ಬರುತ್ತಿದ್ದರು.

ಹಿಂದಿನಿಂದ ಮಾತು ನಿಂತಿತು. ತಿರುಗಿ ನೋಡಿದೆ. ಹಿರಿಯರ ಹೆಂಡತಿ ಹಾದಿ ಬಿಟ್ಟು ಜೋಳದ ಸಾಲಿನೊಳಗೆ ಸರಿದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಮುಖ ಬಗ್ಗಿಸಿ ನಿಂತಿದ್ದರು. ಮುಂದೆ ನೋಡಿದೆ. ಅವಳೂ ಬುಟ್ಟಿ ಇಳಿಸಿ, ತಿರುಗಿ ನೋಡದೆಯೇ, ಒಂದು ಬದಿಗೆ ಸರಿದಿದ್ದಳು. ಕಿರಿದಾದ ಓಣಿಯಲ್ಲಿ ಮನೆಯ ಗಂಡಸರು ಬಂದರೆ ಹೆಂಗಸರು ಸರಿಯುವ ಹಾಗೆ. ಹಾದಿಯ ಮೇಲೆ ಇದ್ದವಳು ನಾನೊಬ್ಬಳೇ.

"ಬಾಯಾರ, ಈ ಕಡೆ ಬರ್ರಿ," ಎಂದರು ಹಿರಿಯರ ಹೆಂಡತಿ, ಮೆಲ್ಲಗೆ.

ಸೀರೆಯ ನಿರಿಗೆ ಹಿಡಿದುಕೊಂಡು ಸಾಲಿನೊಳಗೆ ಸರಿದೆ. ಜೋಳದ ಎಲೆಗಳು ಸರ್ರೆಂದವು. ನನ್ನ ಮೈ ತಾಗಿದ್ದಕ್ಕೇ ಇರಬೇಕು. ಸ್ವಲ್ಪ ಹೊತ್ತಿಗೆ ಅವಳು ಬುಟ್ಟಿ ಎತ್ತಿ ತಲೆಗಿಟ್ಟುಕೊಂಡಳು, ಹಿಂದಿನವರು ಆ ಮದುವೆಯ ಮಾತನ್ನು ಬಿಟ್ಟಲ್ಲಿಂದಲೇ ಮತ್ತೆ ಹಿಡಿದರು. ನಾನೂ ಹಾದಿಗೆ ಇಳಿದು ಅವಳ ಹಿಂದೆ ನಡೆದೆ.